ಅಮ್ಮನ ಎತ್ತರ ಕಡಿಮೆಯಾಗಿದೆಯಾ? ಅಳೆದು ನೋಡಿ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಆದ್ರೆ ಊರಲ್ಲಿ ವಯಸ್ಸಾದ ಅಪ್ಪ-ಅಮ್ಮ ಇರೋ ನಮ್ಮಂಥವರು ಇದನ್ನ ತಿಳ್ಕೊಂಡಿರಲೇಬೇಕು.

ಬೆನ್ನುಮೂಳೆ ಅಂದ್ರೆ ಒಂದರ ಮೇಲೊಂದು ಜೋಡಿಸಿದ ಸಣ್ಣ ಮೂಳೆಗಳು, ಮಧ್ಯೆ ಮಧ್ಯೆ ನೀರು ತುಂಬಿದ ಮೆತ್ತನೆಯ ಡಿಸ್ಕ್‌ಗಳು. ದಿನವಿಡೀ ಭಾರ ಬಿದ್ದು ಡಿಸ್ಕ್ ಹಿಂಡಿದ ಹಾಗಾಗುತ್ತೆ. ಅದಕ್ಕೇ ಸಂಜೆ ಹೊತ್ತಿಗೆ ನಾವೆಲ್ಲ ಸುಮಾರು 1 ಸೆಂ.ಮೀ. ಕುಳ್ಳಗಿರ್ತೀವಿ. ಮಲಗಿ ಎದ್ದರೆ ಸರಿಹೋಗುತ್ತೆ. ವಯಸ್ಸಾದ ಮೇಲೆ ಡಿಸ್ಕ್ ಒಣಗಿ ತೆಳ್ಳಗಾಗುತ್ತೆ, ಆ ಎತ್ತರ ವಾಪಸ್ ಬರಲ್ಲ. 40ರ ನಂತರ ಹತ್ತು ವರ್ಷಕ್ಕೆ ಸುಮಾರು 1 ಸೆಂ.ಮೀ., 70 ದಾಟಿದ ಮೇಲೆ ಇನ್ನೂ ಬೇಗ. ಇಷ್ಟು ಎಲ್ಲರಿಗೂ ಇದ್ದದ್ದೇ.

ಹೆದರಬೇಕಾದ್ದು ಬೇರೆ ಇದೆ. ಟೊಳ್ಳಾದ ಬೆನ್ನಿನ ಮೂಳೆ ಕುಸಿಯೋಕೆ ಬೀಳಲೇಬೇಕು ಅಂತಿಲ್ಲ. ಬಗ್ಗಿ ಬಕೆಟ್ ಎತ್ತಿದರೂ ಸಾಕು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ವೇಗವಾಗಿ ಸವೆಯೋದ್ರಿಂದ ಹೆಂಗಸರಿಗೆ ಅಪಾಯ ಹೆಚ್ಚು. ಇಂಥ ಕುಸಿತಗಳಲ್ಲಿ ಮುಕ್ಕಾಲುಪಾಲು ಯಾರ ಗಮನಕ್ಕೂ ಬರಲ್ಲ. "ಬೆನ್ನು ಹಿಡ್ಕೊಂಡಿದೆ" ಅಂತ ಮುಲಾಮು ಹಚ್ಚಿ ಸುಮ್ಮನಾಗ್ತಾರೆ. ನಮ್ಮ ಭಾಷೇಲಿ ಸೈಲೆಂಟ್ ಫೇಲ್ಯೂರ್. ಒಂದು ಮೂಳೆ ಕುಸಿದವರಿಗೆ ಇನ್ನೊಂದು ಕುಸಿಯೋ ಸಂಭವ ಜಾಸ್ತಿ.

ಇದರ ಲಾಗ್ ಉಳಿಯೋದು ಎತ್ತರದಲ್ಲಿ. ವಿಡಿಯೋ ಕಾಲಲ್ಲಿ ಬರೀ ಮುಖ ಕಾಣುತ್ತೆ, ಎತ್ತರ ಕಾಣಲ್ಲ. ಹೋದ ಗೌರಿ ಹಬ್ಬಕ್ಕೆ ದಾವಣಗೆರೆಗೆ ಹೋದಾಗ ಅಮ್ಮನ್ನ ಗೋಡೆಗೆ ನಿಲ್ಲಿಸಿದೆ. "ನನ್ನೇನು ಈಗ ಶಾಲೆಗೆ ಸೇರಿಸ್ತೀಯೇನೋ?" ಅಂತ ನಕ್ರು. ಅವರು ಸರ್ಕಾರಿ ಶಾಲೆ ಟೀಚರ್ ಆಗಿದ್ದರಿಂದ ಸರ್ವಿಸ್ ರಿಜಿಸ್ಟರಲ್ಲಿ ಹಳೇ ಎತ್ತರ ಬರೆದಿತ್ತು. ಅದಕ್ಕಿಂತ 5 ಸೆಂ.ಮೀ. ಕಡಿಮೆ! ಎಕ್ಸ್‌ರೇಲಿ ಒಂದು ಮೂಳೆ ಕುಸಿದಿದ್ದು ಕಾಣಿಸ್ತು. ಈಗ ಔಷಧಿ ನಡೀತಿದೆ. (ಮದುವೆ ಬಯೋಡೇಟಾದ ಎತ್ತರ ನಂಬಬೇಡಿ, ಅದರಲ್ಲಿ ಒಂದಿಂಚು ಸೇರಿಸಿರ್ತಾರೆ.)

ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಇಳಿದಿದ್ರೆ, ಅಥವಾ ಒಂದೆರಡು ವರ್ಷದಲ್ಲೇ 2 ಸೆಂ.ಮೀ. ಹೋಗಿದ್ರೆ ಡಾಕ್ಟರಿಗೆ ತೋರಿಸಿ. ಡೆಕ್ಸಾ ಸ್ಕ್ಯಾನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ರೆ ಆಸ್ಟಿಯೊಪೊರೋಸಿಸ್. ಜೊತೆಗೆ ಬೆನ್ನಿನ ಎಕ್ಸ್‌ರೇ ಬಗ್ಗೆಯೂ ಕೇಳಿ. ಕುಸಿದು ಒತ್ತಾದ ಮೂಳೆ ಡೆಕ್ಸಾದಲ್ಲಿ ಗಟ್ಟಿಯಾಗಿರೋ ಹಾಗೆ ಕಾಣಬಹುದು, ರಿಪೋರ್ಟ್ ಮೋಸ ಮಾಡುತ್ತೆ.

ಇನ್ನು ನಮ್ಮ ವಿಷಯ. ಮೂಳೆಯ ಉಳಿತಾಯ ಖಾತೆ ಸುಮಾರು 30ಕ್ಕೆ ತುಂಬಿ ಮುಗಿಯುತ್ತೆ, ಆಮೇಲೆ ಕಾಪಾಡಿಕೊಳ್ಳೋದಷ್ಟೇ. ಮೂಳೆಗೆ ಭಾರ ಬೇಕು. ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ಕ್ಕೂ ಹೆಚ್ಚು ಸವೆಯುತ್ತೆ. ಹಾಗಾಗಿ ಲಿಫ್ಟ್ ಬಿಡಿ, ವಾರಕ್ಕೆ ಎರಡು ದಿನವಾದ್ರೂ ತೂಕ ಎತ್ತಿ. ಆಫೀಸಿನ ಗಾಜಿನ ಪಕ್ಕ ಕೂತು ಬಿಸಿಲು ಕಾಯಿಸಿದ್ರೆ ವಿಟಮಿನ್ ಡಿ ಬರಲ್ಲ, ಅದಕ್ಕೆ ಬೇಕಾದ ಕಿರಣವನ್ನ ಗಾಜು ತಡೆಯುತ್ತೆ. ದಿನಕ್ಕೆ 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಪುಣೆ, ಮುಂಬೈ ಅಂಗಡೀಲಿ ನಾಚಣಿ ಅಂತ ಕೇಳಿ, ಚೆನ್ನೈಲಿ ಕೇಳ್ವರಗು.

ಅಳೆಯೋದು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ದಪ್ಪ ಪುಸ್ತಕ ಇಟ್ಟು, ಪ್ರತಿ ಸಲ ಬೆಳಗ್ಗೆಯೇ. ಪೆನ್ಸಿಲಲ್ಲಿ ಗೆರೆ, ಪಕ್ಕದಲ್ಲಿ ತಾರೀಕು. ಸ್ಕೋರ್ ಕಡಿಮೆ ಬಂದವರು ಯೋಗ ಮಾಡ್ತಿದ್ರೆ, ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟೋ ಆಸನಗಳನ್ನ ಡಾಕ್ಟರನ್ನ ಕೇಳೋವರೆಗೆ ನಿಲ್ಲಿಸೋಕೆ ಹೇಳಿ. ಬೆನ್ನಿನ ಮೂಳೆ ಕುಸಿಯೋದು ಆ ಭಂಗಿಯಲ್ಲೇ ಸುಲಭ.