ಹೂಕೋಸಿಗೆ ಊಟ, ಬೀನ್ಸಿಗೆ ವಿಷ

ಕಳೆದ ವರ್ಷ ಹಿತ್ತಲಲ್ಲಿ ಬೆಳೆದ ಹೂಕೋಸು ಕೊಯ್ದು ನೋಡಿದ್ರೆ ದಂಟೊಳಗೆ ಟೊಳ್ಳು, ಹೂವಿನ ಮೇಲೆಲ್ಲ ಕಂದು ಕಲೆ. ಹುಳದ ಸುಳಿವಿಲ್ಲ. ಅಲ್ಲಿ ಇಲ್ಲಿ ಓದಿದ ಮೇಲೆ ತಿಳೀತು, ಇದು ಬೋರಾನ್ ಕೊರತೆ ಅಂತ. ನಾವಿರೋ ಪೋರ್ಟ್‌ಲ್ಯಾಂಡಿನಲ್ಲಿ ಚಳಿಗಾಲವಿಡೀ ಮಳೆ. ಬೋರಾನ್ ನೀರಿನ ಜೊತೆ ಸುಲಭವಾಗಿ ಇಳಿದುಹೋಗುತ್ತೆ. ನಮ್ಮ ಮಲೆನಾಡಿನ ಮಣ್ಣಿನದೂ ಇದೇ ಕಥೆ.

ಮದ್ದು ಮನೆಯಲ್ಲೇ ಇತ್ತು: ಬಟ್ಟೆ ಒಗೆಯೋಕೆ ತಂದಿಟ್ಟ ಬೋರಾಕ್ಸ್, ಅಂದ್ರೆ ನಮ್ಮ ಬಿಳಿಗಾರ. ಈ ಸಲ ಪಾತಿಗೆ ಒಂದು ಹಿಡಿ ಎರಚಿದೆ. ಅರ್ಧ ಪಾತಿಗೆ ಹೂಕೋಸು ನೆಟ್ಟೆ. ಉಳಿದರ್ಧಕ್ಕೆ, ಊರಿಂದ ಬಂದಿದ್ದ ಅಮ್ಮ ಬೀನ್ಸ್ ಹಾಕಿದ್ರು.

ಹೂಕೋಸು ಬೆಳ್ಳಗೆ, ಗಟ್ಟಿಯಾಗಿ ಬಂತು. ಬೀನ್ಸ್ ಎಲೆಗಳ ಅಂಚು ಮಾತ್ರ ಮೊದಲು ಹಳದಿ, ಆಮೇಲೆ ಸೀದ ಹಪ್ಪಳದ ಹಾಗೆ ಕಂದು. "ನೀರು ಸಾಲ್ತಿಲ್ಲ ಕಣೋ" ಅಂತ ಅಮ್ಮ ದಿನಾ ಎರಡು ಹೊತ್ತು ನೀರು ಹಾಕತೊಡಗಿದ್ರು. ತಪ್ಪು ನನ್ನದು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಒಂದೇ ಮಣ್ಣು, ಒಂದೇ ಗೊಬ್ಬರ, ಹೀಗೇಕೆ?

ಗಿಡಗಳಿಗೆ ಬೋರಾನ್ ಬೇಕೇ ಬೇಕು ಅಂತ 1923ರಲ್ಲಿ ತೋರಿಸಿದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನ ಕ್ಯಾಥರೀನ್ ವಾರಿಂಗ್ಟನ್. ಅದರ ಮುಖ್ಯ ಕೆಲಸ ಏನು ಅನ್ನೋದು ಸ್ಪಷ್ಟವಾಗಿದ್ದು 1996ರಲ್ಲಿ. ಜಾಮ್ ಗಟ್ಟಿಯಾಗೋಕೆ ಕಾರಣವಾದ ಪೆಕ್ಟಿನ್ ಗೊತ್ತಲ್ಲ, ಜೀವಕೋಶದ ಗೋಡೆಯಲ್ಲೂ ಅದೇ ಇರುತ್ತೆ. ಪೆಕ್ಟಿನ್ನಿನ ಎರಡು ಎಳೆಗಳನ್ನ ಬೋರಾನ್ ಕೊಂಡಿಯ ಹಾಗೆ ಹಿಡಿದಿಡುತ್ತೆ. ಗೋಧಿ, ಜೋಳದಂಥ ಹುಲ್ಲಿನ ಜಾತಿಗಳ ಗೋಡೆಯಲ್ಲಿ ಪೆಕ್ಟಿನ್ ಕಮ್ಮಿ, ಹಾಗಾಗಿ ಒಂದು ಕೆಜಿ ಒಣ ಎಲೆಯಲ್ಲಿ ಸುಮಾರು 5ರಿಂದ 10 ಮಿಲಿಗ್ರಾಂ ಇದ್ರೆ ಸಾಕು. ಅಗಲ ಎಲೆಯ ಬಹುತೇಕ ಗಿಡಗಳಿಗೆ 20ರಿಂದ 70 ಬೇಕು. ಹೂಕೋಸು, ಬೀಟ್‌ರೂಟ್, ಸೂರ್ಯಕಾಂತಿ ಇವೆಲ್ಲ ಭಾರಿ ಹಸಿವಿನವು. ಬೀನ್ಸ್, ನಿಂಬೆ ಜಾತಿಯವು ಸ್ವಲ್ಪ ಹೆಚ್ಚಾದ್ರೂ ತಡೆಯಲ್ಲ.

ಇನ್ನೊಂದು ವ್ಯತ್ಯಾಸ ಇದೆ. ಸೇಬು, ಬಾದಾಮಿಯಂಥ ಮರಗಳು ಸಾರ್ಬಿಟಾಲ್ ಅನ್ನೋ ಸಕ್ಕರೆಯ ನೆಂಟನ ಜೊತೆ ಬೋರಾನ್ ಅನ್ನ ಹಳೆ ಎಲೆಯಿಂದ ಚಿಗುರಿಗೆ, ಕಾಯಿಗೆ ಸಾಗಿಸಬಲ್ಲವು. ಬೀನ್ಸಿಗೆ ಆ ವಿದ್ಯೆ ಇಲ್ಲ. ಬೇರಿಂದ ನೀರಿನ ಜೊತೆ ಏರಿದ ಬೋರಾನ್ ಎಲೆಯ ಅಂಚಿಗೆ ಬಂದು ನಿಲ್ಲುತ್ತೆ. ನೀರು ಆವಿಯಾಗುತ್ತೆ, ಬೋರಾನ್ ಅಲ್ಲೇ ಉಳಿದು ಅಂಚು ಸುಡುತ್ತೆ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ನಕ್ಕರು. "ನಾವು ಅಷ್ಟು ದೊಡ್ಡ ತೆಂಗಿನ ಮರಕ್ಕೇ 50 ಗ್ರಾಂ ತೂಗಿ ಹಾಕ್ತೀವಿ. ನೀನು ತರಕಾರಿ ಪಾತಿಗೆ ಹಿಡಿಗಟ್ಟಲೆ ಎರಚಿದ್ಯಾ?" ಲೆಕ್ಕ ಹಾಕಿದೆ. ಬೋರಾಕ್ಸಿನಲ್ಲಿ ಬೋರಾನ್ ಇರೋದು ಶೇಕಡಾ 11ರಷ್ಟು. ಹಸಿವಿನ ಬೆಳೆಗೂ ನೂರು ಚದರಡಿಗೆ ಒಂದು ದೊಡ್ಡ ಚಮಚ ಬೋರಾಕ್ಸ್ ಸಾಕು. ನನ್ನ ಪಾತಿ ಇದ್ದಿದ್ದು ಬರೀ 32 ಚದರಡಿ!

ಹೆಚ್ಚಾದ ಬೋರಾನ್ ತೆಗೆಯೋ ದಾರಿ ಏನು ಅಂತ ಹುಡುಕಿದ್ರೆ ಸಿಕ್ಕ ಉತ್ತರ ಒಂದೇ: ಚೆನ್ನಾಗಿ ನೀರು ಬಿಟ್ಟು ಕೆಳಗಿಳಿಸೋದು. ಅಂದ್ರೆ ಅಮ್ಮ ಆಗಲೇ ಮಾಡ್ತಿದ್ದ ಕೆಲಸ. ಸುಟ್ಟ ಎಲೆ ಸುಟ್ಟೇ ಉಳೀತು, ಆದ್ರೆ ಮೂರು ವಾರದ ಮೇಲೆ ಬಂದ ಹೊಸ ಎಲೆ ಹಸಿರಾಗಿತ್ತು. ಆಮೇಲೆ ಧೈರ್ಯ ಮಾಡಿ ತಪ್ಪೊಪ್ಪಿಕೊಂಡೆ.

"ನಾನು ಹೇಳ್ಲಿಲ್ವಾ, ನೀರೇ ಸಾಲ್ತಿರ್ಲಿಲ್ಲ" ಅಂದ್ರು ಅಮ್ಮ.