ಗುರುತಿಸುವುದು ವೈದ್ಯರ ಕೆಲಸ, ತೀರ್ಪು ಕೊಡುವುದಲ್ಲ

ಜ್ವರಕ್ಕೆ ತೋರಿಸಲು ಕರೆತಂದ ಮಗುವಿನ ಅಂಗಿ ಬಿಚ್ಚಿದಾಗ ಬೆನ್ನ ಮೇಲೆ ಬಾಸುಂಡೆ ಕಾಣಬಹುದು. ‘ಅವರ ಮನೆ ವಿಷಯ ನಮಗ್ಯಾಕೆ’ ಎಂದು ಸುಮ್ಮನಾಗುವುದಕ್ಕೆ ಭಯದಷ್ಟೇ ತಪ್ಪು ತಿಳಿವಳಿಕೆಯೂ ಕಾರಣ.

ತಪ್ಪು ಕಲ್ಪನೆ: ಮಕ್ಕಳೆಂದ ಮೇಲೆ ಬಿದ್ದು ಏಳುವುದು ಇದ್ದದ್ದೇ.
ಸತ್ಯ: ಓಡಾಡುವ ಮಗುವಿನ ಮೊಣಕಾಲು, ಹಣೆ ತರಚುವುದು ಸಹಜ. ಕಿವಿ, ಕುತ್ತಿಗೆ, ಹೊಟ್ಟೆಯ ಮೇಲೆ ರಕ್ತ ಹೆಪ್ಪುಗಟ್ಟಿದ ಕಲೆ ಅಷ್ಟು ಸಹಜವಲ್ಲ. ಇನ್ನೂ ಬೋರಲು ಬೀಳದ ಕೂಸಿನಲ್ಲಂತೂ ಎಲ್ಲಿ ಕಂಡರೂ ವಿಚಾರಿಸಬೇಕು. ಬಿಸಿನೀರು ತಾನಾಗಿ ಚೆಲ್ಲಿದರೆ ಸಿಡಿದ ಗುರುತಿರುತ್ತದೆ. ಎರಡೂ ಪಾದಗಳಲ್ಲಿ ಒಂದೇ ಗೆರೆಗೆ ನಿಂತ ಸುಟ್ಟಗಾಯ ಯಾರೋ ಅದ್ದಿರಬಹುದೆಂದು ಸೂಚಿಸುತ್ತದೆ. ಗಳಿಗೆಗೊಂದು ಕಾರಣ ಹೇಳುವುದು, ತಡವಾಗಿ ಕರೆತರುವುದು ಕೂಡ ಸುಳಿವುಗಳೇ.

ತಪ್ಪು ಕಲ್ಪನೆ: ಮೈಮೇಲೆ ಗುರುತಿದ್ದರೆ ಹೊಡೆದದ್ದೇ.
ಸತ್ಯ: ನಮ್ಮ ಎಷ್ಟೋ ಕೂಸುಗಳಿಗೆ ಸೊಂಟದ ಕೆಳಗೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುತ್ತದೆ. ರಕ್ತಸ್ರಾವ ಬೇಗ ನಿಲ್ಲದ ಹಿಮೋಫಿಲಿಯಾ ಕಾಯಿಲೆಯಲ್ಲಿ ಸಣ್ಣ ಪೆಟ್ಟಿಗೂ ರಕ್ತ ಹೆಪ್ಪುಗಟ್ಟಿದ ಕಲೆ ಮೂಡುತ್ತದೆ. ಅದಕ್ಕೇ ರಕ್ತಪರೀಕ್ಷೆ, ಎಕ್ಸ್-ರೇ ಬೇಕು. ಕಾಮಾಲೆಗೆಂದು ಹಾಕಿದ ಬರೆಯ ಹಿಂದೆ ದ್ವೇಷವಿಲ್ಲದಿರಬಹುದು. ಆದರೂ ಅದು ಸುಟ್ಟಗಾಯವೇ, ದಾಖಲಾಗಬೇಕು.

ತಪ್ಪು ಕಲ್ಪನೆ: ಪರೀಕ್ಷೆಯಲ್ಲಿ ಗಾಯ ಕಾಣದಿದ್ದರೆ ಲೈಂಗಿಕ ದೌರ್ಜನ್ಯ ನಡೆದೇ ಇಲ್ಲ.
ಸತ್ಯ: ಇಂಥ ಬಹುಪಾಲು ಮಕ್ಕಳಲ್ಲಿ ದೈಹಿಕ ಪರೀಕ್ಷೆ ಸಹಜವಾಗಿಯೇ ಇರುತ್ತದೆ. ಮುಟ್ಟಿದ್ದಕ್ಕೆ ಗುರುತು ಉಳಿಯುವುದಿಲ್ಲ. ಜನನಾಂಗದ ಭಾಗದ ಗಾಯ ಬೇಗ ಮಾಯುತ್ತದೆ. ಮಗು ಹೇಳಿದ್ದೇ ಮುಖ್ಯ. ಉತ್ತರ ಬಾಯಿಗಿಡದೆ ಕೇಳಿ, ಅದರ ಮಾತಲ್ಲೇ ಬರೆದುಕೊಳ್ಳಬೇಕು. ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ತಪ್ಪು ಕಲ್ಪನೆ: ಎಫ್‌ಐಆರ್ ಆಗದೆ ಚಿಕಿತ್ಸೆ ಕೊಡುವಂತಿಲ್ಲ.
ಸತ್ಯ: ತುರ್ತು ಚಿಕಿತ್ಸೆಗೆ ಮೊದಲು ಯಾವ ಕಾಗದಪತ್ರವನ್ನೂ ಕೇಳುವಂತಿಲ್ಲ ಎನ್ನುತ್ತವೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿಯ 2020ರ ನಿಯಮಗಳು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು.

ತಪ್ಪು ಕಲ್ಪನೆ: ಸಾಕ್ಷಿಯಿಲ್ಲದೆ ಪೊಲೀಸರಿಗೆ ತಿಳಿಸಿದರೆ ವೈದ್ಯರಿಗೇ ಕುತ್ತು.
ಸತ್ಯ: ಕುತ್ತು ಇರುವುದು ತಿಳಿಸದಿದ್ದರೆ. ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೂ, ನಡೆಯಬಹುದೆಂಬ ಆತಂಕವಿದ್ದರೂ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ. ನಡೆದದ್ದನ್ನು ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಕಲಂ ರಕ್ಷಣೆ ಕೊಡುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ತಪ್ಪಿತಸ್ಥರನ್ನು ಹುಡುಕುವುದು ಪೊಲೀಸರಿಗೆ, ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಈ ಮಗು ಈಗ ಯಾರ ಜೊತೆ ಮನೆಗೆ ಹೋಗುತ್ತದೆ, ಅಲ್ಲಿ ಸುರಕ್ಷಿತವೇ ಎಂದು ಕೇಳಬೇಕಾದವರು ಮಾತ್ರ ಅದನ್ನು ಮೊದಲು ನೋಡಿದ ವೈದ್ಯರು, ದಾದಿಯರು.