ಬಲ ಮರಳಿ ಬರಲಿ: ಮನೆಯವರೇ ತರಬೇತುದಾರರು



"ಆಸ್ಪತ್ರೆಯಿಂದ ಈಗ ತಾನೇ ಬಂದಿದ್ದಾರೆ, ಮಂಚ ಬಿಟ್ಟು ಇಳಿಸಬೇಡಿ" ಎನ್ನುವವರು ನಮ್ಮ ಕಡೆ ಬಹಳ. ಇದು ಪ್ರೀತಿಯ ಮಾತೇ ಹೌದು. ಆದರೆ ವೈದ್ಯರು ಹೇಳದೆ ಹಾಸಿಗೆಯಲ್ಲೇ ಮಲಗಿಸಿದರೆ ಹಾನಿಯೇ ಹೆಚ್ಚು. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧರು ಕೇವಲ 10 ದಿನ ಹಾಸಿಗೆಯಲ್ಲಿದ್ದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕೆ.ಜಿ.ಯಷ್ಟು ಮಾಂಸಖಂಡ ಕರಗಿತ್ತು. ಕಾಯಿಲೆ ವಾಸಿಯಾದರೂ ಕಾಲಿನಲ್ಲಿ ಬಲವಿಲ್ಲದೆ, ಬಚ್ಚಲಿಗೆ ಹೋಗುವಾಗ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಮತ್ತೆ ಆಸ್ಪತ್ರೆ ಸೇರುವವರಿದ್ದಾರೆ.

ಕಳೆದ ಬಲ ಮತ್ತೆ ಬರುತ್ತದೆಯೇ?

ಬರುತ್ತದೆ. ವಯಸ್ಸಾಯಿತೆಂದು ಕೈಬಿಡಬೇಕಾಗಿಲ್ಲ. 1990ರಲ್ಲಿ ಪ್ರಕಟವಾದ ಬೋಸ್ಟನ್ ನಗರದ ಅಧ್ಯಯನದಲ್ಲಿ 90 ವರ್ಷದ ಆಸುಪಾಸಿನ 10 ಮಂದಿಗೆ ಎಂಟು ವಾರ ಕಾಲಿನಿಂದ ತೂಕ ಎತ್ತುವ ವ್ಯಾಯಾಮ ಮಾಡಿಸಲಾಯಿತು. ಪೂರ್ತಿ ಮುಗಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಹೆಚ್ಚಾಯಿತು.

ಇದರ ಗುಟ್ಟು ನಮ್ಮ ಗರಡಿಮನೆಗಳಿಗೆ ಹೊಸದಲ್ಲ. ಗರಡಿಗೆ ಸೇರಿದ ಹುಡುಗನಿಗೆ ಮೊದಲ ದಿನವೇ ಗುಂಡುಕಲ್ಲು ಎತ್ತಿಸುವುದಿಲ್ಲ. ಮೊದಲು ಬಸ್ಕಿ, ದಂಡ, ಆಮೇಲೆ ಭಾರ. 1940ರ ದಶಕದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಇದೇ ಕ್ರಮವನ್ನು ಗಾಯಾಳು ಸೈನಿಕರ ಚಿಕಿತ್ಸೆಗೆ ತಂದರು. ತೂಕವನ್ನು ಹಂತಹಂತವಾಗಿ ಏರಿಸುತ್ತಾ ಅವರ ಕಾಲುಗಳಿಗೆ ಬಲ ಮರಳಿಸಿದರು.

ತರಬೇತುದಾರರು ತಿಳಿದಿರಬೇಕಾದ ಐದು ನಿಯಮಗಳು

1. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ರೂಢಿಗಿಂತ ಸ್ವಲ್ಪ ಹೆಚ್ಚು ಕೆಲಸ ಬಿದ್ದರೆ ಮಾತ್ರ ಮಾಂಸಖಂಡ ಬಲಿಯುತ್ತದೆ. ಒಂದು ವ್ಯಾಯಾಮವನ್ನು 8ರಿಂದ 10 ಸಲ ಮಾಡಿಸಿ. ಅಷ್ಟು ಆಗದಿದ್ದರೆ 3 ಸಲದಿಂದ ಶುರು ಮಾಡಿ. ಕೊನೆಯ ಒಂದೆರಡು ಸಲ ಕಷ್ಟವೆನಿಸಬೇಕು, ಆದರೆ ಮಾತನಾಡುವಷ್ಟು ಉಸಿರಿರಬೇಕು. 12 ಸಲ ಸುಲಭವಾದ ಮೇಲೆಯೇ ಮುಂದಿನ ಹಂತ.

2. ಯಾವ ಕೆಲಸಕ್ಕೆ ಬಲ ಬೇಕೋ ಅದನ್ನೇ ಅಭ್ಯಾಸ ಮಾಡಿಸಿ. ಕುರ್ಚಿಯಿಂದ ಏಳಲು ಆಗದವರು ಏಳುವುದನ್ನೇ ಅಭ್ಯಾಸ ಮಾಡಬೇಕು. ಕೈಗೆ ಎಷ್ಟು ಕೆಲಸ ಕೊಟ್ಟರೂ ಕಾಲಿಗೆ ಬಲ ಬರುವುದಿಲ್ಲ.

3. ನಡುವೆ ಬಿಡುವು ಕೊಡಿ. ಮಾಂಸಖಂಡ ಬಲಿಯುವುದು ವಿಶ್ರಾಂತಿಯ ಸಮಯದಲ್ಲಿ. ಆದ್ದರಿಂದ ಒಂದು ದಿನ ಬಿಟ್ಟು ಒಂದು ದಿನ, ವಾರಕ್ಕೆ 2ರಿಂದ 3 ದಿನ ಸಾಕು. ನಡಿಗೆಯನ್ನು ದಿನವೂ ಮಾಡಬಹುದು.

4. ಉಸಿರು ಬಿಗಿಹಿಡಿಯಬಾರದು. ಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಏಳುವಾಗ ಉಸಿರು ಬಿಡಬೇಕು, ಕೂರುವಾಗ ಎಳೆದುಕೊಳ್ಳಬೇಕು. ಗಟ್ಟಿಯಾಗಿ ಎಣಿಸಲು ಹೇಳಿದರೆ ಉಸಿರು ತಾನಾಗಿ ಆಡುತ್ತದೆ.

5. ನಿಲ್ಲಿಸಬೇಡಿ. ಬಿಟ್ಟರೆ ಬಂದ ಬಲವೂ ಹೋಗುತ್ತದೆ.

ಮನೆಯಲ್ಲಿ ಮಾಡಿಸಬಹುದಾದ ಮೂರು ವ್ಯಾಯಾಮಗಳು

ಅ) ಕುರ್ಚಿಯಿಂದ ಏಳುವುದು: ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ತಗ್ಗು ಎನಿಸಿದರೆ ಎರಡು ಕಂಬಳಿ ಮಡಿಸಿ ಹಾಕಿ. ನಿಧಾನವಾಗಿ ಎದ್ದು, ನಿಧಾನವಾಗಿ ಕೂರಲಿ. ಸುಲಭವಾದ ಮೇಲೆ ಒಂದು ಕಂಬಳಿ ತೆಗೆಯಿರಿ, ಮುಂದೆ ಎರಡನೆಯದನ್ನೂ ತೆಗೆಯಿರಿ. ಭಾರ ಏರಿಸುವುದು ಎಂದರೆ ಇಷ್ಟೇ.

ಆ) ಗೋಡೆಗೆ ದಂಡ: ಗೋಡೆಯಿಂದ ಒಂದು ಮೊಳ ದೂರ ನಿಂತು, ಅಂಗೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳಬೇಕು.

ಇ) ಹಿಮ್ಮಡಿ ಎತ್ತುವುದು: ಕಿಟಕಿಯ ಸರಳು ಹಿಡಿದು ತುದಿಗಾಲಲ್ಲಿ ನಿಂತು ಮೆಲ್ಲಗೆ ಇಳಿಯಬೇಕು.

ಬಂಧುಗಳೇ, ತೋಳು ಹಿಡಿದು ಎಳೆಯಬೇಡಿ. ಪಕ್ಕದಲ್ಲಿ ನಿಂತು ಎಣಿಸಿ. ಎಷ್ಟು ಸಲವಾಯಿತೆಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಪಕ್ಕದ ಮನೆಯವರ ಲೆಕ್ಕದೊಂದಿಗೆ ಹೋಲಿಸಬೇಡಿ, ಹೋದ ವಾರದ ಲೆಕ್ಕದೊಂದಿಗೆ ಹೋಲಿಸಿ.

ಎಚ್ಚರಿಕೆ

ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಅಥವಾ ಚುಚ್ಚುವಂಥ ಕೀಲುನೋವು ಬಂದರೆ ಕೂಡಲೇ ನಿಲ್ಲಿಸಿ. ಎದೆನೋವು ಅಥವಾ ಏದುಸಿರು ಇಳಿಯದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮರುದಿನ ತೊಡೆಯಲ್ಲಿ ಸ್ವಲ್ಪ ನೋವಿದ್ದರೆ ಹೆದರಬೇಕಾಗಿಲ್ಲ. ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿ.ಪಿ., ಇತ್ತೀಚಿನ ಆಪರೇಷನ್, ಹರ್ನಿಯಾ, ಮೂಳೆ ಮುರಿತ ಇರುವವರು ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು.

ಆಹಾರ

ಇಟ್ಟಿಗೆಯಿಲ್ಲದೆ ಗೋಡೆ ಏಳದು. ಮಾಂಸಖಂಡಕ್ಕೆ ಪ್ರೋಟೀನೇ ಇಟ್ಟಿಗೆ. ಬರೀ ಗಂಜಿ ಕುಡಿಸುತ್ತಾ ಬಲ ಬರಲಿಲ್ಲವೆಂದರೆ ಹೇಗೆ? ಮುದ್ದೆಯ ಜೊತೆ ಗಟ್ಟಿ ಬೇಳೆ ಸಾರು ಅಥವಾ ಹುರುಳಿ, ಹಾಲು, ಮೊಸರು ಕೊಡಿ. ನಮ್ಮ ಚಳ್ಳಕೆರೆ ಸೀಮೆಯ ಹೊಲದಲ್ಲೇ ಬೆಳೆಯುವ ಶೇಂಗಾ ಒಂದು ಹಿಡಿ ಕೊಡಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಇದನ್ನು ವೈದ್ಯರ ಸಲಹೆಯಂತೆ ಪಾಲಿಸಬೇಕು.

ಡಿಸ್ಚಾರ್ಜ್ ಆಗುವ ಮೊದಲು ಈ ಮೂರು ವ್ಯಾಯಾಮಗಳನ್ನು ವಾರ್ಡಿನ ಸಿಸ್ಟರ್ ಎದುರಿಗೆ ಒಮ್ಮೆ ಮಾಡಿಸಿ ನೋಡಿ. ತಪ್ಪಿದ್ದರೆ ಅಲ್ಲೇ ತಿದ್ದಿಕೊಡುತ್ತಾರೆ. ನಮ್ಮ ನನ್ನಿವಾಳದಂಥ ಊರುಗಳಲ್ಲಿ ಇದಕ್ಕೆ ಯಂತ್ರ ಬೇಡ, ಹಣ ಬೇಡ. ಒಂದು ಕುರ್ಚಿ, ಒಂದು ಗೋಡೆ, ಪಕ್ಕದಲ್ಲಿ ನೀವು ಇದ್ದರೆ ಸಾಕು.